ಸ್ಮ್ಯಾಪ್ ತಂಡದ ಅತಿ ಜನಪ್ರಿಯ ಹಾಡು ಯಾವುದು?

2016ರ ಡಿಸೆಂಬರ್ ತಿಂಗಳಲ್ಲಿ ಜಪಾನಿನ ಪಾಪ್ ಸಂಗೀತ ಲೋಕದಲ್ಲಿ ಒಂದಕ್ಕೊಂದು ತಾಳೆಯಾಗದ ಎರಡು ಸಂಗತಿಗಳು ನಡೆದವು. ಇಪ್ಪತ್ತೈದು ವರ್ಷ ಹಾಡಿದ ಸ್ಮ್ಯಾಪ್ ಎಂಬ ತಂಡ ಆ ತಿಂಗಳ 31ರಂದು ವಿಸರ್ಜನೆಯಾಗುವುದೆಂದು ನಿಶ್ಚಯವಾಗಿತ್ತು. ಅದಕ್ಕೆ ಹತ್ತು ದಿನ ಮೊದಲು, 21ರಂದು, ತಂಡದ ಐವತ್ತು ಹಾಡುಗಳ ಸಂಕಲನವೊಂದು ಹೊರಬಂತು. ಹಾಡುಗಳನ್ನು ಆರಿಸಿದ್ದು ಅಭಿಮಾನಿಗಳ ಮತದಿಂದ, ಮತ ಎಣಿಕೆಯಲ್ಲಿ ಮೊದಲ ಸ್ಥಾನ ಸಿಕ್ಕಿದ್ದು ‘ಸ್ಟೇ’ ಎಂಬ ಹಾಡಿಗೆ. ಅದು ಎಂದೂ ಬಿಡಿ ಸಿಂಗಲ್ ಆಗಿ ಮಾರಾಟಕ್ಕೆ ಬಂದ ಹಾಡಲ್ಲ, ಒಂದು ಆಲ್ಬಮ್ಮಿನ ಒಳಗೆ ಉಳಿದುಕೊಂಡಿದ್ದ ಹಾಡು. ಅದೇ ವರ್ಷಾಂತ್ಯದ ಹೊತ್ತಿಗೆ ಇದೇ ತಂಡದ ಇನ್ನೊಂದು ಹಾಡು, ‘ಸೆಕಾಯ್ ನಿ ಹಿತೊತ್ಸು ದಕೆ ನೊ ಹನ’, 30 ಲಕ್ಷ ಸಿ.ಡಿ.ಗಳ ಗಡಿಯನ್ನು ದಾಟಿತು. ಅರವತ್ತರ ದಶಕದ ಕೊನೆಯಿಂದ ಜಪಾನಿನಲ್ಲಿ ಮಾರಾಟದ ಲೆಕ್ಕವಿಡುತ್ತ ಬಂದಿರುವ ಓರಿಕಾನ್ ಸಂಸ್ಥೆಯ ಪಟ್ಟಿಯಲ್ಲಿ ಸಿಂಗಲ್‌ಗಳ ಪೈಕಿ ಅದಕ್ಕೆ ಸಾರ್ವಕಾಲಿಕ ಮೂರನೆಯ ಸ್ಥಾನ.

ಹೀಗಿರುವಾಗ ಸ್ಮ್ಯಾಪ್ ತಂಡದ ಅತಿ ಜನಪ್ರಿಯ ಹಾಡು ಯಾವುದೆಂದು ಯಾರಾದರೂ ಕೇಳಿದರೆ ಹೇಳುವುದೇನು? ಹಾಡುಗಳ ಪಟ್ಟಿಯೊಂದನ್ನು ಕೊಟ್ಟುಬಿಡುವುದು ಸುಲಭ, ಆದರೆ ಯಾವ ಅಳತೆಗೋಲಿನಿಂದ ಅಳೆದ ಪಟ್ಟಿ ಎಂದು ಹೇಳದ ಹೊರತು ಅದಕ್ಕೆ ಅರ್ಥವಿಲ್ಲ. ಅಂಗಡಿಯಲ್ಲಿ ಮಾರಾಟವಾದದ್ದು ಒಂದು ಲೆಕ್ಕ, ಅಭಿಮಾನಿಯಲ್ಲದವರ ಬಾಯಲ್ಲೂ ಉಳಿದದ್ದು ಇನ್ನೊಂದು ಲೆಕ್ಕ, ಅಭಿಮಾನಿಗಳು ತಮ್ಮದೆಂದು ಎದೆಗೆ ಹಚ್ಚಿಕೊಂಡದ್ದು ಮತ್ತೊಂದು. ಬಹುತೇಕ ತಂಡಗಳಲ್ಲಿ ಈ ಮೂರೂ ಹೆಚ್ಚುಕಡಿಮೆ ಒಂದೇ ಕಡೆ ಕೂಡುತ್ತವೆ. ಸ್ಮ್ಯಾಪ್ ವಿಷಯದಲ್ಲಿ ಅವು ಬೇರೆಬೇರೆಯಾಗಿ ಕಾಣುತ್ತವೆ, ಮತ್ತು ಏಕೆ ಬೇರೆಯಾದವು ಎಂಬುದನ್ನೂ ಅವರ ಹಾಡುಗಳ ಚರಿತ್ರೆಯಿಂದಲೇ ತಿಳಿಯಬಹುದು.

ಮೊದಲು ತಂಡದ ಪರಿಚಯ. ಹುಡುಗರನ್ನು ಚಿಕ್ಕಂದಿನಲ್ಲೇ ಸೇರಿಸಿಕೊಂಡು, ಹಾಡು ಮತ್ತು ಕುಣಿತ ಕಲಿಸಿ, ತಂಡ ಕಟ್ಟಿ ರಂಗಕ್ಕೆ ತರುತ್ತಿದ್ದ ಜಾನೀಸ್ ಎಂಬ ಏಜೆನ್ಸಿ 1988ರಲ್ಲಿ ಆರು ಹುಡುಗರನ್ನು ಒಟ್ಟುಗೂಡಿಸಿತು. ನಕಾಯ್ ಮಸಾಹಿರೊ, ಕಿಮುರಾ ತಕುಯಾ, ಇನಗಾಕಿ ಗೊರೊ, ಮೊರಿ ಕತ್ಸುಯುಕಿ, ಕುಸನಾಗಿ ತ್ಸುಯೊಶಿ ಮತ್ತು ಕತೊರಿ ಶಿಂಗೊ ಆ ಆರು ಮಂದಿ. 1991ರ ಸೆಪ್ಟೆಂಬರ್ 9ರಂದು ಅವರ ಮೊದಲ ಸಿಂಗಲ್ ಹೊರಬಂದಾಗ ಎಲ್ಲರಿಗಿಂತ ಕಿರಿಯ ಕತೊರಿಗೆ ಹದಿನಾಲ್ಕು ವರ್ಷ. ಆ ಹಾಡು ಓರಿಕಾನ್ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಬಂದು ನಿಂತಿತು. ಬೇರೆಯವರಿಗೆ ಅದು ಹಬ್ಬ, ಹೊಸ ತಂಡಗಳನ್ನು ನೇರವಾಗಿ ಮೊದಲ ಸ್ಥಾನಕ್ಕೇ ಏರಿಸಿ ರೂಢಿಯಾಗಿದ್ದ ಆ ಏಜೆನ್ಸಿಗೆ ಅದು ಮುಖಭಂಗ.

ಕಾಲವೂ ಅನುಕೂಲವಾಗಿರಲಿಲ್ಲ. ಎಂಬತ್ತರ ದಶಕದಲ್ಲಿ ತಾರಾ ಗಾಯಕರನ್ನು ಬೆಳೆಸಿದ್ದು ವಾರವಾರದ ಹಾಡಿನ ಟಿ.ವಿ. ಕಾರ್ಯಕ್ರಮಗಳು. ಅವುಗಳಲ್ಲಿ ದೊಡ್ಡವೆನಿಸಿದ್ದ ‘ದ ಬೆಸ್ಟ್ ಟೆನ್’ 1989ರಲ್ಲಿಯೂ ‘ಯೊರು ನೊ ಹಿಟ್ ಸ್ಟುಡಿಯೊ’ 1990ರಲ್ಲಿಯೂ ನಿಂತುಹೋದವು. ಹಾಡಿ ತೋರಿಸಲು ವೇದಿಕೆಯೇ ಇಲ್ಲದ ಸ್ಥಿತಿಯಲ್ಲಿ ಈ ಹುಡುಗರು ಹಾಸ್ಯ ಕಾರ್ಯಕ್ರಮಗಳಿಗೂ ಧಾರಾವಾಹಿಗಳಿಗೂ ಹೋದರು. ಅಂದಗಾರ ಹುಡುಗರು ಹೆಂಗಸರ ವೇಷ ಹಾಕಿ, ಬಿದ್ದೆದ್ದು ಜನರನ್ನು ನಗಿಸಿದ್ದು ಅಲ್ಲಿಯವರೆಗೆ ಅಪರೂಪ. ಈ ಅನಿವಾರ್ಯತೆಯೇ ಮುಂದೆ ಅವರ ಹಾಡುಗಳ ಭಾಗ್ಯವಾಯಿತು ಎಂದು ನನಗೆ ತೋರುತ್ತದೆ, ಏಕೆಂದರೆ ಹಾಡು ಕೇಳದ ಮನೆಗಳಿಗೂ ಅವರ ಮುಖ ಮೊದಲೇ ಪರಿಚಯವಾಗಿತ್ತು.

ಅವರಿಗೆ ಮೊದಲ ಬಾರಿ ಅಗ್ರಸ್ಥಾನ ತಂದುಕೊಟ್ಟದ್ದು 1994ರ ಮಾರ್ಚಿನಲ್ಲಿ ಬಂದ ಹನ್ನೆರಡನೆಯ ಸಿಂಗಲ್, ‘ಹೇ ಹೇ ಓಕಿನಿ ಮೈದೊ ಆರಿ’. ‘ಓಕಿನಿ’, ‘ಮೈದೊ’ ಎಂಬುವು ಓಸಾಕಾದ ವ್ಯಾಪಾರಿಗಳು ಗಿರಾಕಿಗಳಿಗೆ ಹೇಳುವ ಕೃತಜ್ಞತೆಯ ಮಾತುಗಳು. ಟೋಕಿಯೊದ ನಯವಾದ ಭಾಷೆಯಲ್ಲಿ ಪ್ರೇಮಗೀತೆ ಹಾಡಬೇಕಾದ ಹುಡುಗರು ಪೇಟೆಯ ಮಾತಿನಲ್ಲಿ ಹಾಡಿ ಗೆದ್ದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂದ ‘ಗಂಬರಿಮಶೋ’ ಎಂಬ ಹಾಡಿನ ಹೆಸರಿಗೆ ‘ಸ್ವಲ್ಪ ಗಟ್ಟಿಯಾಗಿ ಪ್ರಯತ್ನಿಸೋಣ’ ಎಂಬಷ್ಟು ಅರ್ಥ. ಏಳಲು ಮನಸ್ಸಿಲ್ಲದ ಬೆಳಗು, ಕೈಗೂಡದ ಸಣ್ಣಪುಟ್ಟ ಆಸೆಗಳು, ಆದರೂ ನಡೆಯಬೇಕಾದ ದಿನ ಇವಿಷ್ಟೇ ಅದರ ಸಾಮಗ್ರಿ. 1995ರ ಜನವರಿ 17ರಂದು ಕೋಬೆ ಪ್ರದೇಶದಲ್ಲಿ ಭೀಕರ ಭೂಕಂಪವಾಯಿತು. ಮೂರು ದಿನಗಳ ನಂತರ ‘ಮ್ಯೂಸಿಕ್ ಸ್ಟೇಷನ್’ ಎಂಬ ನೇರಪ್ರಸಾರದಲ್ಲಿ ಹಾಡಬೇಕಿದ್ದ ಬೇರೆ ಹಾಡನ್ನು ಬದಿಗಿಟ್ಟು ಅವರು ‘ಗಂಬರಿಮಶೋ’ ಹಾಡಿದರು. ಆ ದಿನದಿಂದ ಅದು ಬರೀ ಲವಲವಿಕೆಯ ಹಾಡಾಗಿ ಉಳಿಯಲಿಲ್ಲ. ಮಾರಾಟದಲ್ಲಿ ತಂಡದ ಇತರ ಹಲವು ಹಾಡುಗಳಿಗಿಂತ ಹಿಂದಿರುವ ಈ ಹಾಡು ನೆನಪಿನ ಪಟ್ಟಿಯಲ್ಲಿ ಮೇಲೆ ಬರುವುದಕ್ಕೆ ಕಾರಣ ಅದು ಹಾಡಲ್ಪಟ್ಟ ಹೊತ್ತು.

1996 ತಿರುವಿನ ವರ್ಷ. ಏಪ್ರಿಲ್ 15ರ ಸೋಮವಾರ ರಾತ್ರಿ ಫ್ಯೂಜಿ ಟಿ.ವಿ.ಯಲ್ಲಿ ಒಂಬತ್ತು ಗಂಟೆಗೆ ಕಿಮುರಾ ನಾಯಕನಾಗಿದ್ದ ‘ಲಾಂಗ್ ವೆಕೇಷನ್’ ಧಾರಾವಾಹಿ ಆರಂಭವಾಯಿತು, ಅದು ಮುಗಿದೊಡನೆ ಹತ್ತು ಗಂಟೆಗೆ ತಂಡದ್ದೇ ಆದ ‘ಸ್ಮ್ಯಾಪ್ ಸ್ಮ್ಯಾಪ್’ ಕಾರ್ಯಕ್ರಮ ಆರಂಭವಾಯಿತು. ಅತಿಥಿಗಳಿಗೆ ಅಡುಗೆ ಮಾಡಿ ಬಡಿಸುವುದು, ಹಾಸ್ಯ ಪ್ರಹಸನ, ಕೊನೆಯಲ್ಲಿ ಹಾಡು, ಹೀಗೆ ಅದು ಇಪ್ಪತ್ತು ವರ್ಷ ನಡೆಯಿತು. ಅದೇ ಮೇ ತಿಂಗಳಿನಲ್ಲಿ ಮೊರಿ ಮೋಟಾರ್‌ಸೈಕಲ್ ಪಂದ್ಯದ ಸವಾರನಾಗಲು ತಂಡ ಬಿಟ್ಟನು. ಅವನ ಬೀಳ್ಕೊಡುಗೆಯ ಸಂಚಿಕೆಯಲ್ಲಿ ಹಾಡಿದ ‘ಬೆಸ್ಟ್ ಫ್ರೆಂಡ್’ ಎಂಬುದು ಆರಂಭದ ದಿನಗಳ ಹಾಡು. ಅಂದು ನಾಯಕ ನಕಾಯ್ ಕಣ್ಣೀರಿಟ್ಟು ಹಾಡಲಾರದೆ ಹೋದದ್ದನ್ನು ನೋಡಿದವರಿಗೆ ಆ ಹಾಡನ್ನು ಬೇರೆ ರೀತಿಯಲ್ಲಿ ಕೇಳುವುದು ಸಾಧ್ಯವಾಗಲಿಲ್ಲ.

ಐವರಾಗಿ ಉಳಿದ ಮೇಲೆ ಬಂದ ‘ಆವೊಯ್ ಇನಜುಮಾ’, ‘ಶೇಕ್’, ‘ಡೈನಮೈಟ್’ ಇವು ಕುಣಿತದ ಹಾಡುಗಳು, ಎಲ್ಲವೂ ಹತ್ತು ತಿಂಗಳ ಒಳಗೆ ಬಂದವು. ಸ್ಮ್ಯಾಪ್ ಸಂಗೀತವನ್ನು ತಂಡದವರೇ ರಚಿಸುತ್ತಿರಲಿಲ್ಲ ಎಂಬುದು ಇಲ್ಲಿ ಮುಖ್ಯ. ‘ಆವೊಯ್ ಇನಜುಮಾ’ ಹಯಶಿದಾ ಕೆಂಜಿ ಎಂಬ ಗಾಯಕ ತಾನೇ ಮೊದಲು ಹಾಡಿದ್ದ ರಚನೆ. 1997ರ ‘ಸೆರೊರಿ’ ಯಮಜಾಕಿ ಮಸಯೊಶಿಯದು. ಬೇರೆಬೇರೆ ವಾತಾವರಣದಲ್ಲಿ ಬೆಳೆದ ಗಂಡುಹೆಣ್ಣುಗಳಿಗೆ ಸೆಲರಿ ಸೊಪ್ಪಿನ ರುಚಿಯಲ್ಲೂ ಒಮ್ಮತವಿರಬೇಕಾಗಿಲ್ಲ ಎಂಬ ಜಾಣ ಹಾಡು ಅದು. ಅಷ್ಟೇನೂ ಹೆಸರಾಗದ ಪ್ರತಿಭಾವಂತರಿಂದ ಹಾಡು ಪಡೆದು, ಆಲ್ಬಮ್ಮುಗಳಿಗೆ ನ್ಯೂಯಾರ್ಕಿನ ಜಾಝ್ ವಾದಕರನ್ನು ಕರೆಸಿ ನುಡಿಸಿದ್ದರಿಂದ, ಹಾಡುವ ಕಂಠಗಳು ಸಾಧಾರಣವಾಗಿದ್ದರೂ ಹಿಂದಿನ ವಾದ್ಯಮೇಳ ಮೇಲ್ಮಟ್ಟದ್ದಾಗಿರುತ್ತಿತ್ತು. ಕಂಠ ಸಾಧಾರಣ ಎಂದರೆ ಅಭಿಮಾನಿಗಳಿಗೂ ಬೇಸರವಿಲ್ಲ, ನಕಾಯ್‌ನ ಶ್ರುತಿ ತಪ್ಪುವ ಹಾಡುಗಾರಿಕೆ ಅವರ ಕಾರ್ಯಕ್ರಮದಲ್ಲೇ ವರ್ಷಗಟ್ಟಲೆ ನಡೆದ ನಗೆಚಾಟಿಕೆ.

ಆದರೆ ಈ ದೋಷವೇ ಒಂದು ಗುಣವನ್ನು ಹುಟ್ಟಿಸಿತು. ಸ್ಮ್ಯಾಪ್ ಹಾಡುಗಳಲ್ಲಿ ಸಾಲುಗಳನ್ನು ಒಬ್ಬೊಬ್ಬರಿಗೆ ಹಂಚಿ, ಪಲ್ಲವಿ ಬಂದಾಗ ಎಲ್ಲರೂ ಒಂದೇ ಸ್ವರದಲ್ಲಿ ಕೂಡಿ ಹಾಡುತ್ತಾರೆ. ಮೇಲು ಕೆಳಗಿನ ಸ್ವರಗಳನ್ನು ಹೆಣೆಯುವ ಗೋಜಿಲ್ಲ, ಸ್ಥಾಯಿಯ ವಿಸ್ತಾರವೂ ಕಡಿಮೆ. ಹೀಗಾಗಿ ಕ್ಯಾರಿಯೋಕೆ ಕೋಣೆಯಲ್ಲಿ ಕಚೇರಿಯ ಸಹೋದ್ಯೋಗಿಗಳು, ಶಾಲೆಯ ಕಾರ್ಯಕ್ರಮದಲ್ಲಿ ಮಕ್ಕಳು, ಯಾರು ಬೇಕಾದರೂ ಅದನ್ನು ಹಾಡಬಹುದು. ಹಾಡು ದೇಶದ ಬಾಯಲ್ಲಿ ಉಳಿಯುವುದಕ್ಕೆ ಇದೊಂದು ತಾಂತ್ರಿಕ ಕಾರಣ, ಇದನ್ನು ಹೇಳದೆ ಭಾವನೆಯ ಮಾತನ್ನಷ್ಟೇ ಹೇಳಿದರೆ ವಿವರಣೆ ಅರೆಬರೆಯಾಗುತ್ತದೆ.

1998ರ ಜನವರಿ 14ರಂದು ಬಂದ ‘ಯೊಝೊರಾ ನೊ ಮುಕೋ’, ಅಂದರೆ ‘ರಾತ್ರಿಯ ಆಕಾಶದ ಆಚೆ’, ತಂಡದ ಇಪ್ಪತ್ತೇಳನೆಯ ಸಿಂಗಲ್ ಮತ್ತು ಹತ್ತು ಲಕ್ಷ ದಾಟಿದ ಮೊದಲ ಹಾಡು. ಕವಮುರಾ ಯುಕಾ ರಾಗ ಹಾಕಿದ ಈ ಹಾಡಿಗೆ ಸಾಹಿತ್ಯ ಬರೆದವನು ಸುಗಾ ಶಿಕಾವೊ. ಕಂಪನಿಯ ಕೆಲಸ ಬಿಟ್ಟು, ಮೂವತ್ತು ದಾಟಿದ ಮೇಲೆ, ಹಿಂದಿನ ವರ್ಷವಷ್ಟೇ ಗಾಯಕನಾಗಿ ಕಾಲಿಟ್ಟಿದ್ದವನು ಅವನು. ಕುಣಿತವಿಲ್ಲ, ಅಬ್ಬರವಿಲ್ಲ. ಗಿಟಾರಿನ ಮೆಲುದನಿಯ ಮೇಲೆ ಒಬ್ಬ ತರುಣ ಹಳೆಯ ಗೆಳತಿಯನ್ನು ನೆನೆಯುತ್ತ, ಅಂದು ನಾವು ಕಲ್ಪಿಸಿದ್ದ ನಾಳೆಯಲ್ಲೇ ಇಂದು ನಿಂತಿದ್ದೇವೆಯೇ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಆ ಪ್ರಶ್ನೆಗೆ ಹಾಡಿನಲ್ಲಿ ಉತ್ತರವಿಲ್ಲ.

ಅದು ಬಂದ ಹೊತ್ತನ್ನು ಗಮನಿಸಬೇಕು. 1997ರ ನವೆಂಬರಿನಲ್ಲಿ, ಹಾಡು ಬರುವುದಕ್ಕೆ ಎರಡು ತಿಂಗಳು ಮುಂಚೆ, ಹೊಕ್ಕೈದೊ ತಕುಶೊಕು ಬ್ಯಾಂಕ್ ಮತ್ತು ಯಮಾಯಿಚಿ ಷೇರು ಕಂಪನಿ ಒಂದೇ ತಿಂಗಳಲ್ಲಿ ಕುಸಿದುಬಿದ್ದವು. ಸೇರಿದ ಕಂಪನಿಯಲ್ಲೇ ನಿವೃತ್ತಿಯವರೆಗೆ ಇರುವೆವೆಂಬ ನಂಬಿಕೆಯಲ್ಲಿ ಬೆಳೆದ ತಲೆಮಾರಿಗೆ ಅದು ನೆಲ ಅದುರಿದಂಥ ಅನುಭವ. ಸುಗಾ ಅದನ್ನೇ ಮನಸ್ಸಿನಲ್ಲಿಟ್ಟು ಬರೆದನೆಂದು ನಾನು ಹೇಳುತ್ತಿಲ್ಲ, ಸಾಹಿತ್ಯದಲ್ಲಿ ಹಣಕಾಸಿನ ಸುಳಿವೇ ಇಲ್ಲ. ಆದರೆ ಕಲ್ಪಿಸಿದ ನಾಳೆಗೂ ಬಂದ ನಾಳೆಗೂ ಇರುವ ಅಂತರವನ್ನು ಕೇಳುಗರು ಆ ಚಳಿಗಾಲದಲ್ಲಿ ತಮ್ಮ ತಮ್ಮ ಬದುಕಿನಲ್ಲೇ ಕಂಡಿದ್ದರು. ಇಪ್ಪತ್ತೈದರ ಆಸುಪಾಸಿನ ಟಿ.ವಿ. ತಾರೆಗಳು, ಸದಾ ನಗಿಸುವವರು, ತಗ್ಗಿದ ದನಿಯಲ್ಲಿ ಅದನ್ನು ಹಾಡಿದ್ದೇ ಅದಕ್ಕೆ ತೂಕ ತಂದಿತು. ಮುಂದೆ ಅದು ಶಾಲೆಯ ಸಂಗೀತ ಪಠ್ಯಕ್ಕೂ ಸೇರಿತು. ಸ್ಮ್ಯಾಪ್ ಹಾಡುಗಳಲ್ಲಿ ಹಾಡಾಗಿಯೇ ಶ್ರೇಷ್ಠವಾದುದು ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

2000ದ ಆಗಸ್ಟ್ 30ರಂದು ಬಂದ ‘ಲಯನ್ ಹಾರ್ಟ್’ ಕೂಡ ಹತ್ತು ಲಕ್ಷ ದಾಟಿ, ಹದಿನೈದು ಲಕ್ಷದ ಮೇಲೆ ಹೋಯಿತು. ಕೊಮೊರಿತಾ ಮಿನೊರು ರಾಗ ಹಾಕಿದ್ದು, ಸಾಹಿತ್ಯ ಟಿ.ವಿ. ನಾಟಕಕಾರ ನೊಜಿಮಾ ಶಿಂಜಿಯದು. ಪ್ರಿಯತಮೆಯನ್ನು ಮನೆಯ ಔಷಧದ ಪೆಟ್ಟಿಗೆಗೆ ಹೋಲಿಸಿ ಆರಂಭವಾಗುವ ಈ ಹಾಡು ಕುಸನಾಗಿ ನಟಿಸಿದ ‘ಫುಡ್ ಫೈಟ್’ ಧಾರಾವಾಹಿಯ ಶೀರ್ಷಿಕೆ ಗೀತೆ. ಮರುವರ್ಷ ಪ್ರಧಾನಿಯಾದ ಕೊಯಿಝುಮಿ ಜುನಿಚಿರೊ ಸಂಪುಟದ ಇ-ಮೇಲ್ ಪತ್ರಿಕೆಯಲ್ಲಿನ ತನ್ನ ಅಂಕಣಕ್ಕೆ ಇದೇ ‘ಲಯನ್ ಹಾರ್ಟ್’ ಎಂಬ ಹೆಸರಿಟ್ಟನು. ಅವನ ಸಿಂಹದಂಥ ಕೂದಲಿಗೆ ಅದು ಒಪ್ಪಿತ್ತು ಎಂಬುದು ಬೇರೆ ಮಾತು.

ಇಲ್ಲಿ ಧಾರಾವಾಹಿಗೂ ಹಾಡಿಗೂ ಇರುವ ಸಂಬಂಧವನ್ನು ವಿವರಿಸಬೇಕು, ಇಲ್ಲವಾದರೆ ಜಪಾನಿನ ಮಾರಾಟದ ಅಂಕಿಗಳು ಅರ್ಥವಾಗುವುದಿಲ್ಲ. ಅಲ್ಲಿನ ಧಾರಾವಾಹಿ ನಮ್ಮಲ್ಲಿಯಂತೆ ವರ್ಷಗಟ್ಟಲೆ ದಿನವೂ ಓಡುವುದಲ್ಲ. ವಾರಕ್ಕೊಂದರಂತೆ ಹತ್ತು ಹನ್ನೊಂದು ಕಂತುಗಳಲ್ಲಿ, ಮೂರು ತಿಂಗಳಲ್ಲಿ ಮುಗಿಯುತ್ತದೆ. ಕಥೆ ಬಿಗಿಯಾಗುವ ಕೊನೆಯ ಹೊತ್ತಿಗೆ ಸರಿಯಾಗಿ ಶೀರ್ಷಿಕೆ ಗೀತೆ ಮೂಡಿಬರುತ್ತದೆ. ಹೀಗೆ ಮೂರು ತಿಂಗಳು ಕೋಟ್ಯಂತರ ಮನೆಗಳಲ್ಲಿ ಅಳುವ ಕ್ಷಣಕ್ಕೇ ಕೇಳಿಸಿದ ಹಾಡನ್ನು ಜನ ಅಂಗಡಿಗೆ ಹೋಗಿ ಕೊಳ್ಳುತ್ತಿದ್ದರು. ತೊಂಬತ್ತರ ದಶಕದಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ, ಎಂಟು ಸೆಂಟಿಮೀಟರಿನ ಸಿ.ಡಿ.ಯಲ್ಲಿ ಮುಖ್ಯ ಹಾಡು, ಅದರ ಜೊತೆಗೊಂದು ಹಾಡು, ಮತ್ತು ಮನೆಯಲ್ಲಿ ಹಾಡಿಕೊಳ್ಳಲೆಂದು ಕಂಠವಿಲ್ಲದ ವಾದ್ಯಸಂಗೀತ ಇರುತ್ತಿದ್ದವು. ಓರಿಕಾನ್ ಎಣಿಸಿದ್ದು ಈ ಕೊಳ್ಳುವಿಕೆಯನ್ನು. ಕೇಳಿದವರ ಸಂಖ್ಯೆಯನ್ನು ಅದು ಹೇಳುವುದಿಲ್ಲ, ಎಷ್ಟು ಕಾಲ ಕೇಳಿದರೆಂಬುದನ್ನಂತೂ ಇಲ್ಲವೇ ಇಲ್ಲ.

ಈಗ ಆ ಹೂವಿನ ಹಾಡಿಗೆ ಬರೋಣ. ‘ಸೆಕಾಯ್ ನಿ ಹಿತೊತ್ಸು ದಕೆ ನೊ ಹನ’ ಎಂದರೆ ‘ಜಗತ್ತಿನಲ್ಲಿ ಒಂದೇ ಒಂದಾದ ಹೂವು’. ಮಕಿಹಾರಾ ನೊರಿಯುಕಿ ಎಂಬ ಗಾಯಕ ಮತ್ತು ರಚನಕಾರ ಸಾಹಿತ್ಯ, ರಾಗ ಎರಡನ್ನೂ ಮಾಡಿದನು. 2002ರ ಬೇಸಿಗೆಯಲ್ಲಿ ಅದು ಆಲ್ಬಮ್ಮಿನ ಒಂದು ಹಾಡಾಗಿ ಬಂದಾಗ ಅದನ್ನು ಬಿಡಿಯಾಗಿ ಮಾರುವ ಯೋಚನೆ ಇರಲಿಲ್ಲ. 2003ರ ಜನವರಿಯಲ್ಲಿ ‘ಬೊಕು ನೊ ಇಕಿರು ಮಿಚಿ’ ಎಂಬ ಧಾರಾವಾಹಿ ಆರಂಭವಾಯಿತು. ಒಂದೇ ವರ್ಷ ಬದುಕುಳಿಯುವೆನೆಂದು ವೈದ್ಯರಿಂದ ತಿಳಿದ ಶಾಲಾ ಶಿಕ್ಷಕನ ಪಾತ್ರದಲ್ಲಿ ಕುಸನಾಗಿ ನಟಿಸಿದ ಅದಕ್ಕೆ ಈ ಹಾಡನ್ನು ಬಳಸಿದರು. ಬೇಡಿಕೆ ಹೆಚ್ಚಿ, ಮಾರ್ಚ್ 5ರಂದು ಅದು ಸಿಂಗಲ್ ಆಯಿತು. ಹದಿನೈದು ದಿನಗಳಲ್ಲಿ ಇರಾಕ್ ಯುದ್ಧ ಆರಂಭವಾಯಿತು.

ಹಾಡಿನ ಹುರುಳು ಸರಳ. ಹೂವಿನಂಗಡಿಯ ಮುಂದೆ ಸಾಲಾಗಿಟ್ಟ ಹೂಗಳು ಯಾರು ಮೇಲೆಂದು ಜಗಳವಾಡುವುದಿಲ್ಲ, ಮನುಷ್ಯರಾದ ನಾವೇಕೆ ಹೋಲಿಸಿಕೊಂಡು ಒಬ್ಬರಿಗೊಬ್ಬರು ಪೈಪೋಟಿಗಿಳಿಯಬೇಕು, ಮೊದಲನೆಯವರಾಗದಿದ್ದರೂ ಪರವಾಗಿಲ್ಲ, ಪ್ರತಿಯೊಬ್ಬರೂ ಹುಟ್ಟಿನಿಂದಲೇ ಒಬ್ಬರೇ ಒಬ್ಬರು. ಯುದ್ಧದ ಸುದ್ದಿಯ ನಡುವೆ ಅದನ್ನು ಶಾಂತಿಗೀತೆಯೆಂದು ಕೇಳಿದವರಿದ್ದರು. ಪರೀಕ್ಷೆಯ ಅಂಕಗಳ ಭಾರದಲ್ಲಿದ್ದ ಮಕ್ಕಳಿಗೆ ಸಮಾಧಾನದ ಮಾತೆಂದು ಶಿಕ್ಷಕರು ಹಾಡಿಸಿದರು. ಸ್ಪರ್ಧೆಯೇ ಬೇಡವೆನ್ನುವ ಸೋಮಾರಿತನಕ್ಕೆ ಇದು ನೆಪವಾಗದೇ ಎಂದು ಟೀಕಿಸಿದವರೂ ಇದ್ದರು. ಟೀಕೆಯಲ್ಲಿ ಹುರುಳಿಲ್ಲವೆನ್ನಲಾಗದು, ಆದರೂ ಹೂವಾಗಿ ಅರಳಲು ಶ್ರಮಪಡಬೇಕೆಂಬ ಮಾತು ಹಾಡಿನಲ್ಲೇ ಇರುವುದನ್ನು ಟೀಕಾಕಾರರು ಬಿಟ್ಟುಬಿಡುತ್ತಾರೆ. ಆ ವರ್ಷದ ಅಂತ್ಯದೊಳಗೆ ಇಪ್ಪತ್ತು ಲಕ್ಷ ಪ್ರತಿಗಳು ಖರ್ಚಾದವು. ಜಪಾನಿನ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡುವ ಡಿಸೆಂಬರ್ 31ರ ಗಾಯನೋತ್ಸವದಲ್ಲಿ, ಅಂದರೆ ಎನ್.ಎಚ್.ಕೆ. ಎಂಬ ಸಾರ್ವಜನಿಕ ಪ್ರಸಾರ ಸಂಸ್ಥೆ ನಡೆಸುವ ಕಾರ್ಯಕ್ರಮದಲ್ಲಿ, ಸ್ಮ್ಯಾಪ್ ಕಟ್ಟಕಡೆಯ ತಂಡವಾಗಿ ಇದನ್ನೇ ಹಾಡಿತು. ಹಿರಿಯ ಗಾಯಕರಿಗೆ ಮೀಸಲಾಗಿದ್ದ ಆ ಕೊನೆಯ ಸರದಿ ಒಂದು ತಂಡಕ್ಕೆ ಸಿಕ್ಕಿದ್ದು ಅದೇ ಮೊದಲು. ಮೊದಲನೆಯವರಾಗಬೇಕಿಲ್ಲ ಎನ್ನುವ ಹಾಡು ವರ್ಷದ ಮಾರಾಟದಲ್ಲಿ ಮೊದಲನೆಯದಾಯಿತೆಂಬ ಚೋದ್ಯವನ್ನು ಆಗ ಪ್ರೀತಿಯಿಂದಲೇ ಆಡಿಕೊಂಡರು.

ಇದು ಮೊದಲ ಬಾರಿಯ ಮಾರಾಟದ ಕಥೆ. ಎರಡನೆಯ ಬಾರಿಯದು ಬೇರೆ. 2016ರ ಜನವರಿಯಲ್ಲಿ ತಂಡ ಒಡೆಯುವ ಸುದ್ದಿ ಪತ್ರಿಕೆಗಳಲ್ಲಿ ಬಂತು. 18ರಂದು ಐವರೂ ಕಪ್ಪು ಸೂಟಿನಲ್ಲಿ ಸಾಲಾಗಿ ನಿಂತು, ನೇರಪ್ರಸಾರದಲ್ಲಿ, ಜನರಿಗೆ ಕಳವಳ ಉಂಟುಮಾಡಿದ್ದಕ್ಕೆ ತಲೆಬಾಗಿ ಕ್ಷಮೆ ಕೇಳಿದರು. ಅಭಿಮಾನಿಗಳು ಬೀದಿಗಿಳಿಯಲಿಲ್ಲ. ಬದಲಿಗೆ, ಹದಿಮೂರು ವರ್ಷ ಹಳೆಯ ಈ ಸಿ.ಡಿ.ಯನ್ನು ಎಲ್ಲರೂ ಮತ್ತೆ ಕೊಳ್ಳೋಣವೆಂದು ತಮ್ಮತಮ್ಮಲ್ಲೇ ಹೇಳಿಕೊಂಡರು. ಮನೆಯಲ್ಲಿ ಈಗಾಗಲೇ ಇದ್ದವರೂ ಕೊಂಡರು. ಹಾಡು ಮತ್ತೆ ವಾರದ ಪಟ್ಟಿಗೆ ಏರಿತು. ಆಗಸ್ಟ್ 14ರಂದು ವಿಸರ್ಜನೆ ಅಧಿಕೃತವಾಗಿ ಪ್ರಕಟವಾದ ಮೇಲೆ ಕೊಳ್ಳುವಿಕೆ ಇನ್ನೂ ಬಿರುಸಾಯಿತು. ಅಲ್ಲಿಯವರೆಗೆ 25 ಲಕ್ಷ ದಾಟಿ ನಿಂತಿದ್ದ ಲೆಕ್ಕ ಮೂವತ್ತಕ್ಕೇರಿದ್ದು ಹೀಗೆ. ಈ ಕೊನೆಯ ಲಕ್ಷಗಳು ಹಾಡು ಕೇಳಲು ಕೊಂಡವಲ್ಲ, ಅವು ರುಜು ಹಾಕಿದ ಮನವಿಪತ್ರಗಳು. ಸಹಿ ಸಂಗ್ರಹಿಸಿ ಏಜೆನ್ಸಿಗೆ ಕೊಟ್ಟರೆ ಅದು ಕಪಾಟು ಸೇರಬಹುದು, ಆದರೆ ಓರಿಕಾನ್ ಅಂಕಿಯನ್ನು ಮುಚ್ಚಿಡಲಾಗದೆಂದು ಅವರಿಗೆ ಗೊತ್ತಿತ್ತು. ಒಂದೇ ಸಂಖ್ಯೆಯೊಳಗೆ ಎರಡು ಬಗೆಯ ಜನಪ್ರಿಯತೆ ಬೆರೆತುಹೋಗಿದೆ, ಪಟ್ಟಿ ನೋಡುವವರಿಗೆ ಅದು ಕಾಣುವುದಿಲ್ಲ.

ಹಾಗಾದರೆ ಮತ ಹಾಕುವಾಗ ಇದೇ ಅಭಿಮಾನಿಗಳು ‘ಸ್ಟೇ’ ಹಾಡನ್ನು ಏಕೆ ಆರಿಸಿದರು? ಅದು 2006ರ ‘ಪಾಪ್ ಅಪ್! ಸ್ಮ್ಯಾಪ್’ ಆಲ್ಬಮ್ಮಿನದು. ಎಂದಾದರೂ ಮನಸ್ತಾಪ ಬಂದರೂ, ಮಾತಿಗೆ ಮಾತು ಬೆಳೆದರೂ, ಬಿಟ್ಟುಹೋಗದೆ ಜೊತೆಗಿರು, ಹೆಚ್ಚೆಂದರೆ ಇನ್ನು ಐವತ್ತು ವರ್ಷ ತಾನೇ ಎನ್ನುವ ಪ್ರೇಮಗೀತೆ. ಕೇಳಿದವರು ಸಂಗೀತ ಕಚೇರಿಗೆ ಹೋದವರು, ಆಲ್ಬಮ್ ಕೊಂಡವರು. ಹೊರಗಿನವರಿಗೆ ಅದರ ಹೆಸರೂ ಅಪರಿಚಿತ. 2016ರಲ್ಲಿ ಆ ಪ್ರಿಯತಮೆಯ ಜಾಗದಲ್ಲಿ ಐವರು ಗೆಳೆಯರನ್ನು ಇಟ್ಟು ಓದಿದರೆ ಪ್ರತಿ ಸಾಲೂ ಅವರಿಗೇ ಹೇಳಿದಂತಿತ್ತು. ಮತ ಎಣಿಕೆಯಲ್ಲಿ ಮುಂಚೂಣಿಗೆ ಬಂದ ಇನ್ನೊಂದು ಹಾಡು ‘ಆರೆಂಜ್’. ಅದೂ ಮುಖ್ಯ ಹಾಡಲ್ಲ, ‘ಲಯನ್ ಹಾರ್ಟ್’ ಸಿ.ಡಿ.ಯಲ್ಲಿ ಜೊತೆಗೆ ಬಂದದ್ದು. ಸಂಜೆಯ ಕಿತ್ತಳೆ ಬೆಳಕಿನಲ್ಲಿ, ಇಷ್ಟು ದಿನ ಆಸರೆಯಾದವರಿಗೆ ವಿದಾಯ ಹೇಳುವ ಹಾಡು. ಹದಿನೈದು ಲಕ್ಷ ಮನೆಗಳಿಗೆ ಒಂದೇ ತಟ್ಟೆಯಲ್ಲಿ ಎರಡೂ ಹಾಡುಗಳು ಹೋಗಿದ್ದವು. ಮುಖ್ಯ ಹಾಡಿನ ನಂತರ ತಟ್ಟೆಯನ್ನು ಹೊರತೆಗೆಯದೆ ಬಿಟ್ಟವರಿಗೆ ಮಾತ್ರ ಎರಡನೆಯದು ದಕ್ಕಿತ್ತು.

2016ರ ಡಿಸೆಂಬರ್ 31ರ ಗಾಯನೋತ್ಸವಕ್ಕೆ ಸ್ಮ್ಯಾಪ್ ಹೋಗಲಿಲ್ಲ. ಅವರ ಕೊನೆಯ ದರ್ಶನವಾದದ್ದು 26ರ ಸೋಮವಾರ, ‘ಸ್ಮ್ಯಾಪ್ ಸ್ಮ್ಯಾಪ್’ ಕಾರ್ಯಕ್ರಮದ ಅಂತಿಮ ಸಂಚಿಕೆಯಲ್ಲಿ. ಹಳೆಯ ದೃಶ್ಯಗಳೆಲ್ಲ ಮುಗಿದ ಮೇಲೆ ಐವರು ಸಾಲಾಗಿ ನಿಂತು ಹಾಡಿದ್ದು ಒಂದೇ ಹಾಡು, ಹೂವಿನ ಹಾಡು. ಹಾಡು ಮುಗಿದಾಗ ಅವರು ತಲೆಬಾಗಿದರು, ಪರದೆ ಮುಚ್ಚಿತು.